ಹುಳದ ಹೊಟ್ಟೆಯಲ್ಲಿ ಯಾರಿದ್ದಾರೆ?

ಈ ಸಲ ಬಂದ ಕಾಗದಗಳಲ್ಲಿ ಮೂರನ್ನು ಆರಿಸಿದ್ದೇನೆ. ಒಂದು ಮುಂಡಗೋಡದ್ದು, ಒಂದು ಕುಮಟೆಯದು, ಒಂದು ಕಾರವಾರದ್ದು. ಮೂವರೂ ಕೇಳಿರುವುದು ಹೆಚ್ಚು ಕಡಿಮೆ ಒಂದೇ ವಿಷಯ: ಹುಳ, ಅದರ ಹೊಟ್ಟೆಯ ಬ್ಯಾಕ್ಟೀರಿಯಾ, ಅದಕ್ಕೆ ಹಾಕುವ ವಿಷ.

ಪ್ರಶ್ನೆ: ಅಕ್ಕಾ, ನಮಸ್ಕಾರ. ಮೂರು ಎಕರೆ ಬಿಟಿ ಹತ್ತಿ ಹಾಕಿದ್ದೇನೆ. ಹೊರಗಿಂದ ನೋಡಿದರೆ ಕಾಯಿ ಚೆನ್ನಾಗಿದೆ. ಬಿಡಿಸಿದರೆ ಒಳಗೆ ಗುಲಾಬಿ ಬಣ್ಣದ ಹುಳ. ಬಿಟಿ ಅಂದ ಮೇಲೆ ಹುಳ ಸಾಯಬೇಕಲ್ವಾ? ಔಷಧಿ ಅಂಗಡಿಯಲ್ಲಿ ಕೇಳಿದೆ. ‘ಈಗಿನ ಹುಳದ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಇವೆ, ಅವೇ ಬಿಟಿ ವಿಷವನ್ನು ತಿಂದು ಹಾಕುತ್ತವೆ, ಮೊದಲು ಅವನ್ನು ಕೊಲ್ಲಿ’ ಎಂದು ಆಂಟಿಬಯಾಟಿಕ್ ಪುಡಿ ಕೊಟ್ಟರು. ಕೀಟನಾಶಕದ ಜೊತೆ ಬೆರೆಸಿ ಎರಡು ಸಲ ಹೊಡೆದೆ. ಹುಳ ಹಾಗೇ ಇದೆ. ಅವರು ಹೇಳಿದ್ದು ನಿಜವಾ? ಇನ್ನೊಂದು ಸಲ ಹೊಡೆಯಲಾ?
– ಹತ್ತಿ ಬೆಳೆಗಾರ, ಮುಂಡಗೋಡ ತಾಲ್ಲೂಕು

ಉತ್ತರ: ಹೊಡೆಯಬೇಡಿ. ಉತ್ತರ ಉದ್ದ ಆಗುತ್ತದೆ, ಅದಕ್ಕೇ ಇಷ್ಟನ್ನು ಮೊದಲೇ ಹೇಳಿಬಿಟ್ಟೆ.

ನಿಮ್ಮ ಕಾಗದ ಓದಿ ನನಗೆ ಸುಮ್ನೆ ಕೂರಲು ಆಗಲಿಲ್ಲ. ಮಾರನೇ ದಿನವೇ ಶಿರಸಿಯಿಂದ ಮುಂಡಗೋಡದ ಬಸ್ಸು ಹತ್ತಿದೆ. ಹೊಲದ ನಾಲ್ಕು ಮೂಲೆಯಿಂದ, ನಡುವಿನಿಂದ ಒಟ್ಟು 20 ಹಸಿರು ಕಾಯಿ ಕಿತ್ತು ತಂದು, ನಿಮ್ಮ ಮನೆಯ ಕಟ್ಟೆಯ ಮೇಲೆ ಕೂತು ಒಂದೊಂದೇ ಸೀಳಿದೆವಲ್ಲ. 7 ಕಾಯಿಯಲ್ಲಿ ಹುಳ ಸಿಕ್ಕಿತು. ಚಹಾ ತಂದ ನಿಮ್ಮ ಅಮ್ಮ ಒಂದು ತೊಳೆಯನ್ನು ಕೈಯಲ್ಲಿ ಹಿಡಿದು ನೋಡಿ, “ಹೊರಗೆ ಒಂದು ಗಾಯ ಇಲ್ಲ, ಒಳಗೆ ಇಷ್ಟು ಹಾಳು” ಎಂದರು. ಗುಲಾಬಿ ಕಾಯಿಕೊರಕದ ರೀತಿಯೇ ಅದು. ಮೊಟ್ಟೆಯಿಂದ ಬಂದ ಮರಿ ತಡ ಮಾಡದೆ ಕಾಯಿಯೊಳಗೆ ಹೋಗುತ್ತದೆ. ಹೋದ ತೂತು ಮುಚ್ಚಿಕೊಂಡುಬಿಡುತ್ತದೆ. ಆಮೇಲೆ ಮೇಲಿಂದ ಏನು ಸುರಿದರೂ ಅದರ ಮೈಗೆ ತಾಗುವುದಿಲ್ಲ. 20 ಕಾಯಿಗೆ 2 ಕಾಯಿ ಹಾಳಾದರೆ ಎಚ್ಚರವಾಗಬೇಕು ಎನ್ನುವುದು ಲೆಕ್ಕ. ನೀವು ಅದನ್ನು ದಾಟಿ ಬಹಳ ಮುಂದೆ ಹೋಗಿದ್ದೀರಿ.

ಈಗ ಅಂಗಡಿಯವರ ಮಾತು. ಹುಳದ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಇರುವುದು ನಿಜ. ಅವಕ್ಕೂ ಬಿಟಿಗೂ ಸಂಬಂಧ ಇದೆ ಎನ್ನುವುದೂ ನಿಜ. ಆದರೆ ಆ ಸಂಬಂಧ ಅವರು ಹೇಳಿದ ಹಾಗಿಲ್ಲ. ವಿಜ್ಞಾನಿಗಳು ಮಾಡಿ ನೋಡಿದ ಒಂದು ದೊಡ್ಡ ಪ್ರಯೋಗದಲ್ಲಿ ಅದು ಪೂರಾ ಉಲ್ಟಾ ಇತ್ತು.

ಮೊದಲು ಬಿಟಿ ಅಂದರೇನು ಎಂದು ಹೇಳುತ್ತೇನೆ. ಅದೂ ಒಂದು ಬ್ಯಾಕ್ಟೀರಿಯಾ. 1901ರಲ್ಲಿ ಜಪಾನಿನ ಇಶಿವಾಟಾ ಎಂಬುವರು ರೇಷ್ಮೆ ಹುಳ ಇದ್ದಕ್ಕಿದ್ದಂತೆ ಸಾಯುವುದು ಏಕೆ ಎಂದು ಹುಡುಕಿದಾಗ ಸಿಕ್ಕಿತು. ಹತ್ತು ವರ್ಷದ ಮೇಲೆ, 1911ರಲ್ಲಿ, ಜರ್ಮನಿಯ ಥುರಿಂಗಿಯಾ ಎಂಬಲ್ಲಿ ಹಿಟ್ಟಿನ ಪತಂಗದ ಹುಳದಲ್ಲಿ ಬರ್ಲಿನರ್ ಎಂಬುವರಿಗೆ ಸಿಕ್ಕಿತು. ಆ ಪ್ರಾಂತ್ಯದ ಹೆಸರಿನಿಂದಲೇ ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ಚಿಕ್ಕದಾಗಿ ಬಿಟಿ. ಇದು ತನ್ನೊಳಗೆ ಹರಳಿನಂಥ ಒಂದು ಪ್ರೋಟೀನ್ ಮಾಡುತ್ತದೆ. ಎಲೆ ತಿನ್ನುವ ಹುಳದ ಹೊಟ್ಟೆ ಸುಣ್ಣದ ನೀರಿನ ಗುಣದ್ದು, ನಮ್ಮದರ ಹಾಗೆ ಹುಳಿ ಅಲ್ಲ. ಅಲ್ಲಿ ಹರಳು ಕರಗುತ್ತದೆ. ಕರಗಿದ ಪ್ರೋಟೀನ್ ಕರುಳಿನ ಗೋಡೆಯಲ್ಲಿರುವ ಗೂಟಕ್ಕೆ ಹೋಗಿ ಕಟ್ಟಿಕೊಳ್ಳುತ್ತದೆ. ಗೂಟ ಅಂದರೆ ಕೊಟ್ಟಿಗೆಯ ಗೂಟವನ್ನೇ ನೆನಪಿಸಿಕೊಳ್ಳಿ. ಕಟ್ಟಿಕೊಂಡ ಮೇಲೆ ಅಲ್ಲಿ ತೂತು ಬೀಳುತ್ತದೆ. ಹುಳ ಮೇವು ಬಿಡುತ್ತದೆ, ಸಾಯುತ್ತದೆ. ಈ ಪ್ರೋಟೀನ್ ಮಾಡುವ ಜೀನನ್ನು ಹತ್ತಿ ಗಿಡಕ್ಕೇ ಸೇರಿಸಿದ್ದು ಬಿಟಿ ಹತ್ತಿ. ನಮ್ಮ ದೇಶದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಎರಡು ಜೀನ್ ಇರುವ ಬೀಜ ಬಂದಿದ್ದು 2006ರಲ್ಲಿ.

ಕರುಳಿಗೆ ತೂತು ಬಿದ್ದರೆ ಹುಳ ಯಾಕೆ ಸಾಯಬೇಕು? ಉಪವಾಸದಿಂದಲಾ, ಅಥವಾ ಬೇರೆ ಏನಾದರೂ ಇದೆಯಾ? ನಿಮ್ಮ ಪ್ರಶ್ನೆಯ ಬೇರು ಇರುವುದು ಇಲ್ಲೇ.

ನನಗೆ ಈ ವಿಷಯ ಹತ್ತಿರವಾದದ್ದು ಧಾರವಾಡದಲ್ಲಿ ಓದುವಾಗ. ಹಸಿರು ಕಾಯಿಕೊರಕದ ಹುಳ ಸಾಕುತ್ತಿದ್ದೆ. ಒಂದೇ ಡಬ್ಬಿಯಲ್ಲಿ ಬಿಟ್ಟರೆ ಒಂದನ್ನೊಂದು ತಿನ್ನುತ್ತವೆ. ಅದಕ್ಕೆ ಒಂದು ಹುಳಕ್ಕೆ ಒಂದು ಸೀಸೆ. ಕಡಲೆ ಹಿಟ್ಟು, ಯೀಸ್ಟ್, ಅಗರ್, ಒಂದಿಷ್ಟು ವಿಟಮಿನ್ ಹಾಕಿ ಬೇಯಿಸಿ, ಆರಿದ ಮೇಲೆ ಚಿಟಿಕೆ ಸ್ಟ್ರೆಪ್ಟೊಮೈಸಿನ್ ಸೇರಿಸಬೇಕು. ಮೇವು ಕೆಡಬಾರದು ಎಂದು. ಒಂದು ಸಲ ಅದನ್ನು ಹಾಕಲು ಮರೆತೆ. ನಾಲ್ಕನೇ ದಿನ ಬಂದು ನೋಡಿದರೆ ಅರವತ್ತು ಸೀಸೆಗಳಲ್ಲಿ ಮುಕ್ಕಾಲು ಪಾಲು ಹುಳ ಕಪ್ಪಾಗಿ, ಮೆತ್ತಗಾಗಿ, ಮುಟ್ಟಿದರೆ ನೀರಾಗುವ ಹಾಗಿದ್ದವು. ಮೂರು ವಾರದ ಕೆಲಸ ಹೋಯಿತು, ಅತ್ತುಬಿಟ್ಟೆ. ಆದರೆ ಅವತ್ತಿನಿಂದ ಒಂದು ಮಾತು ತಲೆಯಲ್ಲಿ ಉಳಿಯಿತು. ಪ್ರಯೋಗಾಲಯದ ಹುಳ ಹುಟ್ಟಿದಾಗಿನಿಂದ ಆಂಟಿಬಯಾಟಿಕ್ ತಿಂದುಕೊಂಡೇ ಬೆಳೆಯುತ್ತದೆ. ಹೊಲದ ಹುಳ ಹಾಗಲ್ಲ. ಹಾಗಿದ್ದರೆ ಎರಡೂ ಒಂದೇ ಥರ ಸಾಯುತ್ತವಾ?

ಇದನ್ನೇ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ನಿಕೋಲ್ ಬ್ರೋಡ್ರಿಕ್ ಮತ್ತು ಅವರ ಜೊತೆಗಾರರು ಜಿಪ್ಸಿ ಮಾತ್ ಎಂಬ ಪತಂಗದ ಹುಳದಲ್ಲಿ ಮಾಡಿ ನೋಡಿದರು. ಆಂಟಿಬಯಾಟಿಕ್ ತಿನ್ನಿಸಿ ಹೊಟ್ಟೆಯ ಬ್ಯಾಕ್ಟೀರಿಯಾವನ್ನೆಲ್ಲ ತೆಗೆದುಹಾಕಿದರು. ಆಮೇಲೆ ಬಿಟಿ ಕೊಟ್ಟರು. ಹುಳ ಸಾಯಲಿಲ್ಲ. ಹುಳದ ಹೊಟ್ಟೆಯಲ್ಲಿ ಮೊದಲಿದ್ದ ಎಂಟರೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾವನ್ನು ವಾಪಸ್ ಕೊಟ್ಟು ಬಿಟಿ ತಿನ್ನಿಸಿದರು. ಈಗ ಸತ್ತವು. ಇದು ಅಚ್ಚಾಗಿದ್ದು 2006ರಲ್ಲಿ. ಅವರ ವಾದ ಹೀಗಿತ್ತು: ಬಿಟಿ ಗೋಡೆಗೆ ತೂತು ಹಾಕುತ್ತದೆ, ಆ ತೂತಿನಿಂದ ಹೊಟ್ಟೆಯ ಬ್ಯಾಕ್ಟೀರಿಯಾ ಹುಳದ ರಕ್ತಕ್ಕೆ ನುಗ್ಗುತ್ತವೆ, ಕೊಲ್ಲುವುದು ಅವೇ. ನಿನ್ನೆ ತನಕ ತೆಪ್ಪಗಿದ್ದವು, ಕಟ್ಟೆ ಒಡೆದ ದಿನ ಗಜನಿ ಗದ್ದೆಗೆ ಉಪ್ಪುನೀರು ನುಗ್ಗಿದ ಹಾಗೆ.

ಅಂದರೆ, ನೋಡಿ, ನಿಮಗೆ ಹೇಳಿಕೊಟ್ಟ ಉಪಾಯದಿಂದ ಆ ಹುಳ ಉಳಿದುಕೊಂಡಿತ್ತು.

ಕಥೆ ಅಷ್ಟಕ್ಕೇ ಮುಗಿಯಲಿಲ್ಲ. 2009ರಲ್ಲಿ ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಜಾನ್‌ಸ್ಟನ್ ಮತ್ತು ಕ್ರಿಕ್‌ಮೋರ್ ಎಂಬುವರು ತಂಬಾಕಿನ ಹುಳವನ್ನು ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಇಲ್ಲದಂತೆ ಬೆಳೆಸಿ ಬಿಟಿ ಕೊಟ್ಟರು. ಅದು ಸತ್ತಿತು. ಬ್ಯಾಕ್ಟೀರಿಯಾ ಬೇಕೇ ಬೇಕು ಅಂತಿಲ್ಲ ಎಂದರು. ಅದೇ ವರ್ಷ ಎಲೆಕೋಸಿನ ವಜ್ರಬೆನ್ನಿನ ಪತಂಗದಲ್ಲೂ ಹಾಗೇ ಕಂಡಿತು. ಮೊದಲು ಕೊಟ್ಟ ಆಂಟಿಬಯಾಟಿಕ್ ಹುಳದ ಮೈಯಲ್ಲೇ ಉಳಿದು ಬಿಟಿ ಬ್ಯಾಕ್ಟೀರಿಯಾವನ್ನೂ ತಡೆಯುತ್ತದೆ ಎನ್ನುವ ತಕರಾರೂ ಬಂತು. 2016ರಲ್ಲಿ ಇಟಲಿಯವರು ಮತ್ತೊಂದು ಹುಳದಲ್ಲಿ ನೋಡಿ, ತೂತಿನಿಂದ ನುಗ್ಗುವ ಹೊಟ್ಟೆಯ ಬ್ಯಾಕ್ಟೀರಿಯಾ ಕೊಲ್ಲುವುದರಲ್ಲಿ ಪಾಲು ತೆಗೆದುಕೊಳ್ಳುತ್ತವೆ ಎಂದರು. ಒಂದೊಂದು ಹುಳದಲ್ಲಿ ಒಂದೊಂದು ಥರ. ಇಂಥ ಜಗಳ ನನಗೆ ಇಷ್ಟ. ಇಷ್ಟು ವರ್ಷ ಕೆಲಸ ಮಾಡಿದವರೇ ಪೂರ್ತಿ ಒಪ್ಪಿಕೊಳ್ಳದ ವಿಷಯವನ್ನು ಕೌಂಟರ್ ಆಚೆಯಿಂದ ಒಂದು ಪುಡಿ ಪ್ಯಾಕೆಟ್ ಜೊತೆ ಮಾರುವುದು ಮಾತ್ರ ನನಗೆ ಸಹಿಸಲು ಆಗುವುದಿಲ್ಲ.

ನಿಮ್ಮ ಹೊಲದ ಹುಳ ಯಾಕೆ ಸಾಯುತ್ತಿಲ್ಲ ಎನ್ನುವುದಕ್ಕೆ ಕಾರಣ ಅದರ ಹೊಟ್ಟೆಯ ಅತಿಥಿಗಳಲ್ಲ. ಹುಳದ ಸ್ವಂತ ಜೀನ್ ಬದಲಾಗಿದೆ. ಮೊದಲ ಬಿಟಿ ಪ್ರೋಟೀನ್ ಕಟ್ಟಿಕೊಳ್ಳುವ ಗೂಟಗಳಲ್ಲಿ ಕ್ಯಾಡ್‌ಹೆರಿನ್ ಎಂಬುದು ಮುಖ್ಯ. ನಮ್ಮ ದೇಶದ ಗುಲಾಬಿ ಕಾಯಿಕೊರಕದಲ್ಲಿ ಆ ಗೂಟವೇ ಮುರಿದಿರುವುದು ಸಿಕ್ಕಿದೆ. ಗೂಟ ಇಲ್ಲದ ಮೇಲೆ ಎಲ್ಲಿ ಕಟ್ಟುತ್ತೀರಿ? ವಿಷ ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. 2009–10ರ ಹೊತ್ತಿಗೇ ಗುಜರಾತಿನಲ್ಲಿ ಒಂದು ಜೀನಿನ ಹತ್ತಿ ಸೋತಿತ್ತು. ಮುಂದಿನ ಐದಾರು ವರ್ಷದಲ್ಲಿ ಎರಡು ಜೀನಿನದೂ ಸೋತಿತು.

ಹಸಿರು ಕಾಯಿಕೊರಕ ಹತ್ತಿಯ ಜೊತೆ ತೊಗರಿ, ಕಡಲೆ, ಟೊಮೆಟೊ ಎಲ್ಲ ತಿನ್ನುತ್ತದೆ. ಅಲ್ಲಿ ಬಿಟಿ ಇಲ್ಲ. ಹಾಗಾಗಿ ಬಿಟಿಗೆ ಸಾಯುವ ಹುಳಗಳೂ ಬದುಕಿ ಉಳಿಯುತ್ತವೆ, ಗಟ್ಟಿ ಹುಳಗಳ ಜೊತೆ ಕೂಡುತ್ತವೆ, ಗಟ್ಟಿತನ ತೆಳುವಾಗುತ್ತದೆ. ಗುಲಾಬಿ ಹುಳಕ್ಕೆ ಹೆಚ್ಚು ಕಡಿಮೆ ಹತ್ತಿಯೇ ಊಟ. ಅದಕ್ಕೇ 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಬಿಟಿ ಅಲ್ಲದ ಬೀಜದ ಪೊಟ್ಟಣ ಕೊಡುತ್ತಿದ್ದರು, ಹೊಲದ ಸುತ್ತ ಬಿತ್ತಿ ಎಂದು. ನಿಮ್ಮ ಮನೆ ಅಟ್ಟದಲ್ಲಿ ಅಂಥ ಹಳೆಯ ಪೊಟ್ಟಣ ಮೂರು ನೋಡಿದೆ, ಒಡೆಯದೇ ಇದ್ದವು. ನಿಮ್ಮನ್ನು ಬೈಯುತ್ತಿಲ್ಲ. ‘ಅದು ಹುಳಕ್ಕೆ ಊಟ’ ಎಂದಷ್ಟೇ ಯಾರೋ ಹೇಳಿದ್ದರು, ಯಾಕೆ ಊಟ ಹಾಕಬೇಕು ಎಂದು ಯಾರೂ ಹೇಳಲಿಲ್ಲ. ಹೇಳಬೇಕಾದವರಲ್ಲಿ ನಾನೂ ಒಬ್ಬಳು.

ಅಮೆರಿಕದಲ್ಲಿ ಇದೇ ಹುಳವನ್ನು ಬಿಟಿ ಹತ್ತಿ, ಸಂತಾನ ಆಗದಂತೆ ಮಾಡಿ ಬಿಟ್ಟ ಪತಂಗ, ಹೆಣ್ಣಿನ ವಾಸನೆಯಿಂದ ಗಂಡು ಪತಂಗವನ್ನು ಸೆಳೆಯುವ ಮೋಹಕ ಬಲೆ, ಬೆಳೆ ಮುಗಿದ ಮೇಲೆ ಹೊಲ ಸ್ವಚ್ಛ ಮಾಡುವುದು, ಎಲ್ಲ ಸೇರಿಸಿ ಓಡಿಸಿದರು. 2018ರಲ್ಲಿ ಅದು ಪೂರ್ತಿ ಹೋಯಿತು ಎಂದು ಸರ್ಕಾರವೇ ಘೋಷಿಸಿತು. ಬರೀ ಬೀಜದಿಂದ ಆದ ಕೆಲಸ ಅಲ್ಲ ಅದು.

ಈಗ ನೀವು ಮಾಡಬೇಕಾದದ್ದು. ಈ ಬೆಳೆಯನ್ನು ಎಳೆಯಬೇಡಿ. ‘ಇನ್ನೊಂದು ನೀರು ಕೊಟ್ಟರೆ ಇನ್ನೊಂದು ಬಿಡಿಸುವುದು ಆಗುತ್ತದೆ’ ಎಂದು ಜನವರಿ ದಾಟಿಸಿದರೆ ಹುಳಕ್ಕೆ ಮುಂದಿನ ವರ್ಷದ ತನಕ ಮನೆ ಕೊಟ್ಟ ಹಾಗೆ. ಬಿಡಿಸಿ ಮುಗಿದ ಕೂಡಲೇ ಕುರಿ, ದನ ಬಿಟ್ಟು ಮೇಯಿಸಿ. ಗಿಡ ಬೇರು ಸಮೇತ ಕೀಳಿ. ಹತ್ತಿ ಕಟ್ಟಿಗೆಯನ್ನು ಒಲೆಗೆ ಅಂತ ಹಿತ್ತಲಲ್ಲಿ ರಾಶಿ ಹಾಕಬೇಡಿ. ನಿಮ್ಮ ಹಿತ್ತಲಲ್ಲಿ ಹೋದ ವರ್ಷದ ರಾಶಿ ಇನ್ನೂ ಇತ್ತು. ಅದರಲ್ಲಿ ಒಣಗಿ ನಿಂತ ಕಾಯಿಯ ಒಳಗೆ, ಬೀಜದ ಒಳಗೆ ಹುಳ ಮಲಗಿರುತ್ತದೆ. ಮುಂದಿನ ಹಂಗಾಮಿನಲ್ಲಿ ಮೊಗ್ಗು ಬರುವ ಹೊತ್ತಿಗೆ ಮೋಹಕ ಬಲೆ ಕಟ್ಟಿ. ಸತತ ಮೂರು ರಾತ್ರಿ, ಒಂದು ಬಲೆಗೆ ರಾತ್ರಿಗೆ 8 ಪತಂಗ ಬಿದ್ದರೆ ಆಗ ಮದ್ದಿನ ಯೋಚನೆ ಮಾಡಿ, ಅಲ್ಲಿ ತನಕ ಬೇಡ. ಅರಳದೆ ಗುಲಾಬಿ ಮೊಗ್ಗಿನ ಹಾಗೆ ಮುದುಡಿ ನಿಂತ ಹೂ ಕಂಡರೆ ಕಿತ್ತು ಸುಡಿ, ಒಳಗೆ ಹುಳ ಇರುತ್ತದೆ. ಅಕ್ಕಪಕ್ಕದ ಹೊಲದವರನ್ನೂ ಸೇರಿಸಿಕೊಳ್ಳಿ. ಪತಂಗಕ್ಕೆ ನಿಮ್ಮ ಬದು ಯಾವುದು, ಅವರ ಬದು ಯಾವುದು ಗೊತ್ತಿಲ್ಲ.

ಪುಡಿಯ ಪ್ಯಾಕೆಟ್ ಮೇಲೆ ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್ ಎಂದು ಬರೆದಿತ್ತು. ಅದು ಎಲೆಗೆ ಬರುವ ಬ್ಯಾಕ್ಟೀರಿಯಾ ರೋಗಕ್ಕೆ ಮಾಡಿದ್ದು. ಸ್ಟ್ರೆಪ್ಟೊಮೈಸಿನ್ ಕ್ಷಯ ರೋಗಿಗಳ ಜೀವ ಉಳಿಸಿದ ಮದ್ದು. ಅದನ್ನು ಕಾರಣ ಇಲ್ಲದೆ ಮೂರು ಎಕರೆಗೆ ಚೆಲ್ಲಿದರೆ ಮಣ್ಣಿನಲ್ಲಿ ಆ ಮದ್ದಿಗೂ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತವೆ. ದಯವಿಟ್ಟು ಬೇಡ.

ಪ್ರಶ್ನೆ: ಭತ್ತ ಕೊಯ್ದ ಗದ್ದೆಯಲ್ಲಿ ಅಲಸಂದೆ ಹಾಕುತ್ತೇವೆ. ಕಾಯಿಯ ರಸ ಹೀರುವ, ಉದ್ದ ಕಾಲಿನ ಕಂದು ತಿಗಣೆ ಬರುತ್ತದೆ. ವರ್ಷಾ ವರ್ಷಾ ಒಂದೇ ಮದ್ದು ಹೊಡೆಯುತ್ತೇವೆ. ಮೊದಲು ಸಾಯುತ್ತಿತ್ತು, ಈಗ ಸಾಯುವುದಿಲ್ಲ. ನಮ್ಮ ಅತ್ತೆ ‘ಮದ್ದು ಬಿದ್ದೂ ಬಿದ್ದೂ ಮಣ್ಣೇ ತಿಗಣೆಯ ಪಕ್ಷ ಆಗಿದೆ’ ಎನ್ನುತ್ತಾರೆ. ಮನೆಯಲ್ಲಿ ಎಲ್ಲರೂ ನಗುತ್ತಾರೆ.
– ಗೃಹಿಣಿ, ಕುಮಟಾ

ಉತ್ತರ: ನಗಬೇಡಿ ಎಂದು ಮನೆಯವರಿಗೆ ಹೇಳಿ. ನಿಮ್ಮ ಅತ್ತೆಯ ಮಾತಿಗೆ ಹೋಲುವ ಸಂಗತಿ ಜಪಾನಿನಲ್ಲಿ ಸಿಕ್ಕಿದೆ.

ನೀವು ಬರೆದ ಲಕ್ಷಣ ನೋಡಿದರೆ ಅದು ರಿಪ್ಟೋರ್ಟಸ್ ಜಾತಿಯ ತಿಗಣೆ. ಗುರುತು ಹಿಡಿಯುವುದು ಸುಲಭ. ಅದರ ಮರಿ ಥೇಟ್ ಕಪ್ಪು ಇರುವೆಯ ಹಾಗೆ ಕಾಣುತ್ತದೆ. ಇರುವೆ ಎಂದುಕೊಂಡು ನಾವು ಬಿಟ್ಟುಬಿಡುತ್ತೇವೆ. ಈ ತಿಗಣೆ ಹುಟ್ಟುವಾಗ ಹೊಟ್ಟೆಯಲ್ಲಿ ಬರ್ಕೋಲ್ಡೇರಿಯಾ ಎಂಬ ಬ್ಯಾಕ್ಟೀರಿಯಾ ಇರುವುದಿಲ್ಲ. ತಾಯಿ ಕೊಡುವುದೂ ಇಲ್ಲ. ಪ್ರತಿ ಮರಿಯೂ ಮಣ್ಣಿನಿಂದ ಹೊಸದಾಗಿ ತೆಗೆದುಕೊಂಡು ಕರುಳಿನ ಚೀಲಗಳಲ್ಲಿ ಸಾಕಿಕೊಳ್ಳುತ್ತದೆ. ಕಿಕುಚಿ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದ್ದು ಇದು: ಫೆನಿಟ್ರೊಥಿಯಾನ್ ಎಂಬ ಕೀಟನಾಶಕವನ್ನು ಮತ್ತೆ ಮತ್ತೆ ಹಾಕಿದ ಮಣ್ಣಿನಲ್ಲಿ, ಅದನ್ನೇ ತಿಂದು ಬದುಕುವ ಬರ್ಕೋಲ್ಡೇರಿಯಾ ಜಾಸ್ತಿಯಾಗುತ್ತವೆ. ತಿಗಣೆ ಮರಿ ಅವನ್ನು ಹೊಟ್ಟೆಗೆ ಸೇರಿಸಿಕೊಂಡರೆ ಆ ವಿಷಕ್ಕೆ ಬಗ್ಗುವುದಿಲ್ಲ. ತಿಗಣೆಯ ಜೀನ್ ಒಂದಿಷ್ಟೂ ಬದಲಾಗಿಲ್ಲ. ತಲೆಮಾರು ಕಾಯಬೇಕಿಲ್ಲ. ಒಂದು ಮರಿ ತನ್ನ ಜೀವಮಾನದಲ್ಲೇ ಈ ಶಕ್ತಿ ಪಡೆಯುತ್ತದೆ.

ಮುಂಡಗೋಡದ ಹತ್ತಿಯಲ್ಲಿ ಹುಳ ತಾನೇ ಬದಲಾಯಿತು. ಜಪಾನಿನ ತಿಗಣೆಯಲ್ಲಿ ಬಾಡಿಗೆಗೆ ಬಂದ ಬ್ಯಾಕ್ಟೀರಿಯಾ ವಿಷ ಜೀರ್ಣ ಮಾಡಿ ಕೊಡುತ್ತವೆ. ಕಾಫಿಯ ಕಾಯಿಕೊರಕವೂ ಹೀಗೇ. ಕೆಫೀನ್ ಹೆಚ್ಚಿನ ಕೀಟಗಳಿಗೆ ವಿಷ, ಆದರೆ ಆ ಕೊರಕ ಕಾಫಿ ಬೀಜದೊಳಗೇ ಸಂಸಾರ ಮಾಡುತ್ತದೆ. ಅದರ ಹೊಟ್ಟೆಯ ಬ್ಯಾಕ್ಟೀರಿಯಾ ಕೆಫೀನನ್ನು ಒಡೆಯುತ್ತವೆ ಎಂದು 2015ರಲ್ಲಿ ಗೊತ್ತಾಯಿತು. ಅಮೆರಿಕದ ಇಲಿನಾಯ್‌ನಲ್ಲಿ ಇನ್ನೂ ಸೋಜಿಗ. ಮೆಕ್ಕೆಜೋಳದ ಬೇರು ತಿನ್ನುವ ಹುಳದ ಕಾಟ ತಪ್ಪಿಸಲು ರೈತರು ಒಂದು ವರ್ಷ ಜೋಳ, ಒಂದು ವರ್ಷ ಸೋಯಾ ಹಾಕುತ್ತಿದ್ದರು. ಆ ಹುಳ ಬೆಳೆದು ಆಗುವ ದುಂಬಿ ಸೋಯಾ ಎಲೆ ತಿಂದು ತಾಳಿಕೊಳ್ಳಲು ಕಲಿತು ಸೋಯಾ ಹೊಲದಲ್ಲೇ ಮೊಟ್ಟೆ ಇಟ್ಟಿತು. ಮುಂದಿನ ವರ್ಷ ಅಲ್ಲಿ ಜೋಳ ಬರುತ್ತದಲ್ಲ! 2013ರಲ್ಲಿ ನೋಡಿದರೆ ಅಲ್ಲೂ ಹೊಟ್ಟೆಯ ಬ್ಯಾಕ್ಟೀರಿಯಾದ ಕೈವಾಡ ಇತ್ತು. ದುಂಬಿಗಳಿಗೆ ಆಂಟಿಬಯಾಟಿಕ್ ಕೊಟ್ಟಾಗ ತಾಳಿಕೊಳ್ಳುವ ಶಕ್ತಿ ಇಳಿಯಿತು.

ನಿಮ್ಮ ಗದ್ದೆಯಲ್ಲಿ ಆಗುತ್ತಿರುವುದೂ ಇದೇನಾ ಎಂದು ಮಣ್ಣು, ತಿಗಣೆ ಎರಡನ್ನೂ ಪರೀಕ್ಷೆ ಮಾಡದೆ ಹೇಳಬಾರದು. ಆದರೆ ಆ ಒಂದೇ ಮದ್ದನ್ನು ಈ ವರ್ಷ ನಿಲ್ಲಿಸಿ. ಬೆಳಗಿನ ತಂಪಿನಲ್ಲಿ ತಿಗಣೆಗೆ ಹಾರಲು ಚುರುಕಿರುವುದಿಲ್ಲ. ಸಾಬೂನು ನೀರಿನ ಬಾಲ್ದಿ ಹಿಡಿದು ಬಳ್ಳಿ ಅಲ್ಲಾಡಿಸಿ ಬೀಳಿಸಿ. ಇರುವೆಯಂಥ ಮರಿಗಳನ್ನೂ ಬಿಡಬೇಡಿ. ಒಣ ಕಾಯಿಯನ್ನು ಬಳ್ಳಿಯಲ್ಲಿ ಉಳಿಸಬೇಡಿ. ಅತ್ತೆಗೆ ನನ್ನ ನಮಸ್ಕಾರ ತಿಳಿಸಿ.

ಪ್ರಶ್ನೆ: ಮೇಡಂ, ನಾನು ಪಿಯುಸಿ ಓದುತ್ತಿದ್ದೇನೆ. ಬಿಟಿ ಬದನೆ ತಿಂದರೆ ನಮ್ಮ ಹೊಟ್ಟೆಯ ಬ್ಯಾಕ್ಟೀರಿಯಾಕ್ಕೆ ಏನಾಗುತ್ತದೆ? ಹುಳದ ಹೊಟ್ಟೆಗೆ ಬ್ಯಾಕ್ಟೀರಿಯಾ ಎಲ್ಲಿಂದ ಬರುತ್ತವೆ? ಪ್ರಾಜೆಕ್ಟ್ ಮಾಡಬೇಕು.
– ವಿದ್ಯಾರ್ಥಿ, ಕಾರವಾರ

ಉತ್ತರ: ತಮ್ಮಾ, ಬಿಟಿ ಬದನೆಗೆ 2009ರ ಅಕ್ಟೋಬರಿನಲ್ಲಿ ತಜ್ಞರ ಸಮಿತಿ ಒಪ್ಪಿಗೆ ಕೊಟ್ಟಿತ್ತು. 2010ರ ಫೆಬ್ರವರಿ 9ರಂದು ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ತಡೆ ಹಾಕಿದರು. ಬಾಂಗ್ಲಾದೇಶ 2013ರಲ್ಲಿ ಒಪ್ಪಿತು, ಅಲ್ಲಿ ಬೆಳೆಯುತ್ತಾರೆ. ಬಿಟಿ ಪ್ರೋಟೀನ್ ಹುಳದಲ್ಲಿ ಕೆಲಸ ಮಾಡುವುದು ಸುಣ್ಣದ ಗುಣದ ಹೊಟ್ಟೆ ಮತ್ತು ಅದಕ್ಕೆ ಸರಿಯಾದ ಗೂಟ ಎರಡೂ ಇರುವುದರಿಂದ. ನಮ್ಮ ಜಠರ ಹುಳಿ, ನಮ್ಮ ಕರುಳಿನಲ್ಲಿ ಆ ಗೂಟ ಇಲ್ಲ. ಬೇರೆ ಪ್ರೋಟೀನಿನ ಹಾಗೆ ಅದೂ ಚೂರಾಗುತ್ತದೆ. ಆದರೆ ರೇಷ್ಮೆ ಹುಳಕ್ಕೆ ಎರಡೂ ಇದೆ. ಹಿಪ್ಪುನೇರಳೆ ತೋಟದ ಹತ್ತಿರ ಬಿಟಿ ಪುಡಿ ಸಿಂಪಡಿಸಬಾರದು ಎನ್ನುವುದು ಅದಕ್ಕೇ.

ಎರಡನೇ ಪ್ರಶ್ನೆ ತುಂಬಾ ಚೆನ್ನಾಗಿದೆ. ಎಲೆಯಿಂದ, ಮಣ್ಣಿನಿಂದ ಬರುತ್ತವೆ. ಕೆಲವಕ್ಕೆ ಮೊಟ್ಟೆಯ ಮೇಲಿಂದಲೇ ಬರುತ್ತವೆ. 2017ರಲ್ಲಿ ಟೋಬಿನ್ ಹ್ಯಾಮರ್ ಎಂಬುವರು ಬಹಳ ಜಾತಿಯ ಕಂಬಳಿಹುಳ, ಎಲೆಹುಳಗಳನ್ನು ಪರೀಕ್ಷಿಸಿ, ಹೆಚ್ಚಿನವುಗಳ ಹೊಟ್ಟೆಯಲ್ಲಿ ಕಾಯಂ ಆಗಿ ನೆಲೆಸಿದ ಬ್ಯಾಕ್ಟೀರಿಯಾ ಬಹಳ ಕಡಿಮೆ ಎಂದರು. ಎಲೆಯ ಜೊತೆ ಬರುತ್ತವೆ, ಹಿಕ್ಕೆಯ ಜೊತೆ ಹೋಗುತ್ತವೆ. ಮೆಕ್ಕೆಜೋಳಕ್ಕೆ 2018ರಲ್ಲಿ ನಮ್ಮ ಪಕ್ಕದ ಶಿವಮೊಗ್ಗದಲ್ಲಿ ಮೊದಲು ಕಾಣಿಸಿಕೊಂಡ ಸೈನಿಕ ಹುಳು ಗೊತ್ತಲ್ಲ? ಜೋಳದ ಎಲೆಯ ಸಣ್ಣ ರೋಮಗಳು, ಗಿಡದ ಒಂದು ಕಿಣ್ವ ಆ ಹುಳದ ಕರುಳಿನ ಒಳಪದರವನ್ನು ಗೀರಿ ಹಾಕುತ್ತವೆ. ಆಗ ಹೊಟ್ಟೆಯ ಬ್ಯಾಕ್ಟೀರಿಯಾ ಹುಳದ ಮೈಗೇ ನುಗ್ಗುತ್ತವೆ. ಜೀನ್ ಸೇರಿಸುವ ಮೊದಲೇ ಗಿಡಕ್ಕೆ ಈ ವಿದ್ಯೆ ಗೊತ್ತಿತ್ತು.

ಪ್ರಾಜೆಕ್ಟಿಗೆ ದೂರ ಹೋಗಬೇಡ. ಹಿತ್ತಲಿನ ಕರಿಬೇವಿನ ಗಿಡ ನೋಡು. ಹಕ್ಕಿ ಹಿಕ್ಕೆಯಂತೆ ಕಪ್ಪು ಬಿಳಿ ಇರುವ ಹುಳ ಸಿಗುತ್ತದೆ, ನಿಂಬೆ ಚಿಟ್ಟೆಯ ಮರಿ. ನಾಲ್ಕು ತಂದು ಬೇರೆ ಬೇರೆ ಡಬ್ಬಿಯಲ್ಲಿಡು, ಮುಚ್ಚಳಕ್ಕೆ ತೂತು ಮಾಡು. ಎರಡಕ್ಕೆ ತೊಳೆದ ಎಲೆ, ಎರಡಕ್ಕೆ ತೊಳೆಯದ ಎಲೆ ಕೊಡು. ಎಲೆ ಕೊಟ್ಟ ಹೊತ್ತು, ಹಿಕ್ಕೆ ಬಿದ್ದ ಹೊತ್ತು, ಎಷ್ಟು ಬಿತ್ತು, ದಿನಾ ಬರೆದಿಡು. ಒಂದು ವಾರದ ಪಟ್ಟಿ ನನಗೆ ಕಳಿಸು. ಹುಳ ಹಸಿರು ಬಣ್ಣಕ್ಕೆ ತಿರುಗಿ ದಪ್ಪ ಆದ ಮೇಲೆ ಡಬ್ಬಿಯೊಳಗೆ ಒಂದು ಕಡ್ಡಿ ಓರೆಯಾಗಿ ನಿಲ್ಲಿಸು. ಕೋಶವಾಗುವಾಗ ಅಂಟಿಕೊಳ್ಳಲು ಅದಕ್ಕೆ ಬೇಕಾಗುತ್ತದೆ.